ಬಯಲಲ್ಲಿ ಬಡಿಸಿದ ಎಡೆ

ಕೆಂಗೇರಿ
೮ ಜುಲೈ ೨೦೨೪

ಸುಬ್ರಮಣಿ ಮಾಮನಿಗೆ,

ನಾನು ಲತಾ, ಅಂಜಿನಯ್ಯನ ಮಗಳು. ನೀವು ನನ್ನನ್ನು ಕೊನೆಯ ಸಲ ನೋಡಿದಾಗ ನನಗೆ ಕೆಲಸ ಸಿಕ್ಕಿರಲಿಲ್ಲ. ಈಗ ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ, ದಿನವಿಡೀ ಜನರ ಹತ್ತಿರ ಚಿಲ್ಲರೆಗಾಗಿ ಜಗಳ ಆಡುತ್ತೇನೆ. ಅಪ್ಪ ತೀರಿಕೊಂಡಾಗ ನೀವು ಬರಲಿಲ್ಲ, ಹನ್ನೊಂದನೇ ದಿನದ ಕಾರ್ಯಕ್ಕೂ ಬರಲಿಲ್ಲ. ಅದನ್ನು ಕೇಳಲು ಬರೆಯುತ್ತಿಲ್ಲ, ಗಾಬರಿಯಾಗಬೇಡಿ.

ಗಂಟಲಿನ ಆಪರೇಷನ್ ಆದ ಮೇಲೆ ನಿಮ್ಮ ಮಾತು ನಿಂತಿದೆ ಎಂದು ಟೀ ಅಂಗಡಿಯ ಮಹದೇವ್ ಮಾಮ ಹೇಳಿದರು. ಮೊಬೈಲಿಗೆ ಮೆಸೇಜ್ ಹಾಕಿದರೆ ನೋಡುವುದೇ ಇಲ್ಲವಂತೆ. "ಕಾಗದ ಬರಿ. ಓದ್ತಾನೆ. ಉತ್ತರ ಕೊಡೋದು ಬಿಡೋದು ಅವನ ತಿಕ್ಕಲು" ಅಂದರು. ವಿಳಾಸವನ್ನೂ ಅವರೇ ಕೊಟ್ಟರು.

ವಿಷಯ ಏನೆಂದರೆ, ಮಾಲಯ ಅಮಾವಾಸ್ಯೆಗೆ ಅಪ್ಪನಿಗೆ ಮೊದಲ ಎಡೆ. ಗಂಡುಮಕ್ಕಳಿಲ್ಲದ ಮನೆ, ನಾನೇ ಇಡಬೇಕು. ನನ್ನ ಗಂಡನ ತಾಯಿ ಯಶೋದಮ್ಮ ಅತ್ತೆಗೆ ಈಗಿನಿಂದಲೇ ಅದರ ಚಿಂತೆ. ಏನೇನು ಮಾಡೋಣ ಎಂದು ಕೇಳಿದರು. ಕೋಳಿ ಸಾರು, ಮುದ್ದೆ, ವಡೆ, ಪಾಯಸ ಎಂದೆ. "ಅದು ಎಲ್ಲರ ಮನೇಲೂ ಎಲ್ಲರಿಗೂ ಇಡೋದು ಕಣೇ. ನಿಮ್ಮಪ್ಪಂಗೆ ಏನು ಇಷ್ಟ ಇತ್ತು?" ಅಂದರು.

ನಿಜವಾಗಿಯೂ ನನಗೆ ಗೊತ್ತಿಲ್ಲ ಮಾಮ. ಅಮ್ಮ ಹೋದಾಗ ನಾನು ಒಂಬತ್ತನೇ ಕ್ಲಾಸು. ಅಲ್ಲಿಂದ ಇಲ್ಲಿಯವರೆಗೆ ಅಪ್ಪನಿಗೆ ಬಡಿಸಿದವಳು ನಾನೇ. ಉಪ್ಪು ಜಾಸ್ತಿಯಾದರೂ ಒಂದೇ ಮಾತು, ಸಪ್ಪೆಯಾದರೂ ಅದೇ ಮಾತು: "ಚೆನ್ನಾಗೈತೆ." ವಾರ ಕಳೆದರೆ ಚೀಲ ಹೆಗಲಿಗೆ ಹಾಕಿ ಹೊರಟುಬಿಡುತ್ತಿದ್ದರು. ಸಾವನದುರ್ಗ, ಮಂಚನಬೆಲೆ, ಇನ್ನೂ ಎಲ್ಲೆಲ್ಲಿಗೋ. ವಾಪಸ್ ಬಂದಾಗ ಚೀಲವೆಲ್ಲ ಹೊಗೆಯ ವಾಸನೆ. ಕೊನೆಗೂ ಮಂಚನಬೆಲೆ ಕಡೆ ಹೋದವರು ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತಲ್ಲೇ ಹೋದರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಬಸ್ಸು ನಿಂತು ಹೊರಟುಹೋಯಿತಂತೆ. ಅದು ಆ ಕಂಡಕ್ಟರನ ತಪ್ಪಲ್ಲ, ನಾನಿದ್ದಿದ್ದರೂ ರೈಟ್ ಅನ್ನುತ್ತಿದ್ದೆ. ಚೀಲದಲ್ಲಿ ಒದ್ದೆ ಟವೆಲ್, ಉಪ್ಪಿನ ಪೊಟ್ಟಣ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಇತ್ತು. ಒಬ್ಬರೇ ಕಾಡು ಸುತ್ತಲು ಹೋದವರಿಗೆ ಅದೆಲ್ಲ ಯಾಕೆ ಬೇಕಿತ್ತೋ.

ಇಷ್ಟವಾದದ್ದನ್ನು ಎಲೆಗೆ ಇಡದಿದ್ದರೆ ಹೊಸಿಲ ಆಚೆಯೇ ನಿಂತು ವಾಪಸ್ ಹೋಗುತ್ತಾರೆ ಎನ್ನುತ್ತಾರೆ ಅತ್ತೆ. ಬದುಕಿದ್ದಾಗಲೂ ಅವರು ಮನೆಯಲ್ಲಿ ಇದ್ದದ್ದು ಕಡಿಮೆ. ಈ ಒಂದು ದಿನವಾದರೂ ಒಳಗೆ ಬರಲಿ ಎಂದು ನನಗೆ ಆಸೆ. ನೀವು ಅವರ ಜೊತೆ ಆಡಿದವರು, ತಿರುಗಿದವರು. ನಿಮಗೆ ಗೊತ್ತಿದ್ದರೆ ಒಂದು ಸಾಲು ಬರೆಯಿರಿ, ಸಾಕು.

ನಮಸ್ಕಾರಗಳೊಂದಿಗೆ
ಲತಾ


ಹೆಗ್ಗನಹಳ್ಳಿ
೨೦ ಜುಲೈ ೨೦೨೪

ಲತಾ,

ಕಾಗದ ತಲುಪಿತು. ನಿಮ್ಮಪ್ಪನ ವಿಷಯ ನನ್ನನ್ನು ಕೇಳಬೇಡ. ಅವನಿಗೂ ನನಗೂ ಮಾತು ಬಿಟ್ಟು ವರ್ಷಗಳಾದವು. ಆಗ ನನಗೆ ಗಂಟಲು ಇತ್ತು, ಆದರೂ ಮಾತಾಡಲಿಲ್ಲ.

ಕೆಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಫ್ಲೆಕ್ಸ್ ಹಾಕಿದ್ದರಂತೆ, 'ಕಬಡ್ಡಿ ಹುಲಿ ಅಂಜಿನಯ್ಯ' ಎಂದು. ಮಗನ ಮೊಬೈಲಿಗೆ ಮಹದೇವ ಫೋಟೋ ಕಳಿಸಿದ್ದ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಹುಲಿಯಂತೆ ಹುಲಿ. ಅವನು ಓಡಿದರೆ ನೆಲ ದಬದಬ ಅನ್ನುತ್ತಿತ್ತು. ರೈಡಿಗೆ ಹೋದರೆ ಉಸಿರು ಅರ್ಧಕ್ಕೇ ಮುಗಿಯುತ್ತಿತ್ತು. ಉಸಿರು ಇದ್ದದ್ದು ನನ್ನದು. ನಾನು ಹೋಗಿ ಬರುವಷ್ಟರಲ್ಲಿ ನೋಡುವವರೇ ಉಸಿರು ಬಿಡುತ್ತಿದ್ದರು. ಆ ಗಂಟಲನ್ನೇ ಡಾಕ್ಟರು ತೆಗೆದುಹಾಕಿದ್ದಾರೆ. ಈಗ ಕತ್ತಿನಲ್ಲಿ ಒಂದು ತೂತು, ಉಸಿರಾಟ ಅಲ್ಲಿಂದಲೇ. ಮೂಗಿಗೆ ಕೆಲಸವಿಲ್ಲ, ಯಾವ ವಾಸನೆಯೂ ತಿಳಿಯುವುದಿಲ್ಲ. ಸೊಸೆ ಜ್ಯೋತಿಲಕ್ಷ್ಮಿ ಗಂಜಿ ಮಾಡಿಕೊಡುತ್ತಾಳೆ, ಕುಡಿಯುತ್ತೇನೆ.

ಆದರೆ ಹಿಡಿಯುವುದರಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ, ಇದ್ದದ್ದನ್ನು ಇಲ್ಲ ಎನ್ನಬಾರದು. ಅವನು ಎಡಮೂಲೆ, ನಾನು ಅವನ ಪಕ್ಕ. ಎದುರಾಳಿ ನುಗ್ಗಿದಾಗ ನಾವಿಬ್ಬರೂ ಕೈ ಕೈ ಹಿಡಿದು ನಿಲ್ಲುತ್ತಿದ್ದೆವು. ಅದಕ್ಕೆ ಚೈನು ಅನ್ನುತ್ತಾರೆ. ಅವನ ಬಲಗೈ, ನನ್ನ ಎಡಗೈ. ರಾಮನಗರ, ಮಾಗಡಿ, ಚನ್ನಪಟ್ಟಣ ಎಲ್ಲ ಕಡೆ ಆಡಿದ್ದೇವೆ, ಆ ಕೈ ಬಿಟ್ಟವನಲ್ಲ.

ಜಗಳ ಯಾಕಾಯಿತು ಎಂದು ನಿನಗೂ ಗೊತ್ತಿರಬೇಕು. ನಾವು ಹುಡುಗರಿಗೆ ಹೇಳಿಕೊಡುತ್ತಿದ್ದ ಮೈದಾನಕ್ಕೆ ಯಾರೋ ದೊಡ್ಡವರು ಮ್ಯಾಟ್ ಕೊಡಿಸಿದರು. ಮಣ್ಣಿನ ಮೇಲೆ ರಬ್ಬರ್ ಹಾಸಿ, ಕಾಲಿಗೆ ಶೂ ಹಾಕಿ ಆಡುವುದಂತೆ. ನಾನು ಆಗುವುದಿಲ್ಲ ಎಂದೆ. ಅವನು "ಮಣ್ಣಾದ್ರೇನು ಮ್ಯಾಟಾದ್ರೇನು ಮಗಾ, ಹುಡುಗ್ರು ಆಡ್ಲಿ" ಎಂದ. ಎತ್ತು ಏರಿಗೆ, ಕೋಣ ನೀರಿಗೆ. ಮಣ್ಣಿಗಾಗಿ ನಾನೊಬ್ಬ ನಿಂತೆ, ಅವನು ಆ ಕಡೆ ಹೋದ. ಕೈ ಬಿಟ್ಟದ್ದು ಎಂದರೆ ಅದೇ. ನಾನು ಅಲ್ಲಿಂದ ಹೊರಟು ಇಲ್ಲಿ ಮಗನ ಮನೆಗೆ ಬಂದೆ.

ಅವನಿಗೆ ಏನು ಇಷ್ಟ ಎಂದು ಮಹದೇವನನ್ನೇ ಕೇಳು. ದಿನವೂ ಅವನ ಅಂಗಡಿಯಲ್ಲೇ ಬಿದ್ದಿರುತ್ತಿದ್ದ.

ಸುಬ್ರಮಣಿ


ಕೆಂಗೇರಿ
೫ ಆಗಸ್ಟ್ ೨೦೨೪

ಸುಬ್ರಮಣಿ ಮಾಮನಿಗೆ,

ಕೇಳಿದೆ. ಮಹದೇವ್ ಮಾಮ ಕಣ್ಣು ಮಿಟುಕಿಸದೆ "ಬೋಟಿ ಗೊಜ್ಜು. ಪ್ರಾಣ ಬಿಡ್ತಿದ್ದ" ಎಂದರು. ಖುಷಿಯಿಂದ ಮನೆಗೆ ಬಂದೆ. ಮಾರನೇ ದಿನ ಡ್ಯೂಟಿ ಮುಗಿಸಿ ಬರುವಾಗ ನಿಮ್ಮ ಟೀಮಿನ ಮುನಿರಾಜು ಸಿಕ್ಕರು. ಅವರು ಹೇಳಿದ್ದು ತಲೆ ಮಾಂಸ. ಹಾಲಿನ ಬೂತಿನ ಅಮ್ಮ ಅವರೆಕಾಳಿನ ಉಪ್ಪಿಟ್ಟು ಅಂದರು. ಕೋಚಿಂಗಿಗೆ ಬರುತ್ತಿದ್ದ ಹುಡುಗನ ತಾಯಿ ತಾನು ಮಾಡುವ ಶಾವಿಗೆಗೆ ಕೋಚ್ ಸಾರ್ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದರು ಎಂದು ಕಣ್ಣೊರೆಸಿಕೊಂಡರು.

ಆಮೇಲೆ ವಿಚಾರಿಸಿದರೆ, ಬೋಟಿ ಗೊಜ್ಜು ಇಷ್ಟ ಇರುವುದು ಮಹದೇವ್ ಮಾಮನಿಗೆ. ತಲೆ ಮಾಂಸ ಮುನಿರಾಜುಗೆ. ಅಪ್ಪ ಯಾರ ಮನೆಗೆ ಹೋದರೂ ಅವರ ಅಡುಗೆಯೇ ತನಗೆ ಪ್ರಾಣ ಎನ್ನುವಂತೆ ತಿಂದು ಬಂದಿದ್ದಾರೆ. ಈಗ ಊರಿಗೆ ಊರೇ ತಂತಮ್ಮ ಇಷ್ಟವನ್ನು ಅವರದೆಂದು ನೆನಪಿಟ್ಟುಕೊಂಡಿದೆ. ಇವರೆಲ್ಲ ಹೇಳಿದ್ದನ್ನು ಮಾಡಿಟ್ಟರೆ ಎಲೆ ತುಂಬುತ್ತದೆ, ಅದರಲ್ಲಿ ಅಪ್ಪನದು ಒಂದೂ ಇರುವುದಿಲ್ಲ.

ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಅಮ್ಮ ಬೈಯುತ್ತಿದ್ದಳು. ನಾನು ಹಾಗೆ ಅನ್ನುವುದಿಲ್ಲ. ಆದರೆ ನನಗೆ ಹೊಟ್ಟೆಕಿಚ್ಚು ಇದೆ ಮಾಮ. ಯಾರನ್ನು ಕೇಳಿದರೂ ಅಪ್ಪನ ಒಂದು ಕಥೆ ಇದೆ. ಬಾವಿಗೆ ಬಿದ್ದ ಕರುವನ್ನು ಎತ್ತಿದ್ದು, ದುರ್ಗದ ಮೇಲೆ ದಾರಿ ತಪ್ಪಿದ ಕಾಲೇಜು ಹುಡುಗರನ್ನು ಇಳಿಸಿಕೊಂಡು ಬಂದದ್ದು. ನನ್ನ ಹತ್ತಿರ ಇರುವುದು 'ಚೆನ್ನಾಗೈತೆ' ಒಂದೇ.

ಮಣ್ಣೋ ಮ್ಯಾಟೋ, ಆಡಿದವರು ಹೋದರು. ನೀವೇ ಗೆದ್ದಿರಿ ಎಂದು ಬೇಕಾದರೆ ಬರೆದುಕೊಡುತ್ತೇನೆ. ನಾನು ಎಡೆಗೆ ಮ್ಯಾಟ್ ಹಾಸುವುದಿಲ್ಲ, ಬಾಳೆಲೆ ಹಾಸುತ್ತೇನೆ. ಅದಕ್ಕಾದರೂ ಮನಸ್ಸು ಮಾಡಿ.

ನಿಮ್ಮ
ಲತಾ


ಹೆಗ್ಗನಹಳ್ಳಿ
೨೪ ಆಗಸ್ಟ್ ೨೦೨೪

ಲತಾ ಮಗಳೇ,

ನಿನ್ನ ನಾಲಿಗೆ ನಿಮ್ಮಮ್ಮ ಇಂದ್ರಮ್ಮನದೇ. ಬಾಳೆಲೆಯ ಮಾತು ಓದಿ ನಕ್ಕೆ. ನಾನು ನಕ್ಕರೆ ಶಬ್ದ ಬರುವುದಿಲ್ಲ, ಕತ್ತಿನ ತೂತಿನಿಂದ ಗಾಳಿ ಬರುತ್ತದೆ. ಸೊಸೆ ಏನಾಯಿತೋ ಎಂದು ಓಡಿಬಂದಳು.

ಅವನು ಬಾಯಿ ಬಿಟ್ಟು ಇದು ಬೇಕು ಎಂದವನಲ್ಲ. ನನಗೂ ಹೇಳಲಿಲ್ಲ. ಆದರೆ ನಾನು ಕಂಡಿದ್ದೇನೆ.

ನಾವು ಹುಡುಗರಾಗಿದ್ದಾಗ ವೃಷಭಾವತಿಯಲ್ಲಿ ನೀರು ಇತ್ತು, ಈಗಿನ ನೊರೆ ಅಲ್ಲ, ನೀರು. ಪ್ರಾಕ್ಟೀಸ್ ಮುಗಿದ ಮೇಲೆ ಅಲ್ಲೇ ಮೈ ತೊಳೆಯುತ್ತಿದ್ದೆವು. ದಡದ ಬಿಲಗಳಲ್ಲಿ ಏಡಿ. ನಾವೆಲ್ಲ ಕಡ್ಡಿ ಹಾಕಿ ಕೆಣಕಿದರೆ ಅವನು ಬರಿಗೈ ತೂರಿಸಿ ಹಿಡಿಯುತ್ತಿದ್ದ. ಕಚ್ಚಿದರೆ ಕಚ್ಚಲಿ ಎನ್ನುವ ಕೈ ಅದು. ಬಂಡೆಯ ಮೇಲೆ ಇಟ್ಟು ಜಜ್ಜಿ, ರಸ ಹಿಂಡಿ ಸೋಸಿ, ಉಪ್ಪು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಹಳೇ ಡಬ್ಬದಲ್ಲಿ ಕುದಿಸುತ್ತಿದ್ದ. ಕಾಯಿ ಇಲ್ಲ, ಮಸಾಲೆ ಇಲ್ಲ. ನಮಗೆಲ್ಲ ಕೊಟ್ಟ ಮೇಲೆ ಡಬ್ಬವನ್ನು ಎರಡು ಕೈಯಲ್ಲಿ ಹಿಡಿದು ಆಚೆ ತಿರುಗಿ ಕೂತು ಕುಡಿಯುತ್ತಿದ್ದ. ಆಗ ಯಾರು ಕರೆದರೂ ಉತ್ತರ ಕೊಡುತ್ತಿರಲಿಲ್ಲ. ಊರೆಲ್ಲರಿಗೂ ಉತ್ತರ ಕೊಡುವವನು, ಆ ಒಂದು ಗಳಿಗೆ ಮಾತ್ರ ಯಾರಿಗೂ ಸಿಗುತ್ತಿರಲಿಲ್ಲ.

ಮನೆಯಲ್ಲಿ ಯಾಕೆ ಮಾಡಿಸಲಿಲ್ಲ ಎಂದು ನೀನು ಕೇಳುತ್ತೀಯ. ಮದುವೆಯಾದ ಹೊಸದರಲ್ಲಿ ತಂದಿದ್ದ. ನಿಮ್ಮಮ್ಮ ತೊಳೆಯಲು ಕೈ ಹಾಕಿದಳು ನೋಡು, ಮೈಯೆಲ್ಲಾ ದದ್ದು ಎದ್ದು, ಮುಖ ಊದಿ, ಉಸಿರು ಕಟ್ಟಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ನಾವಿಬ್ಬರೂ. ಅವತ್ತಿನಿಂದ ಏಡಿ ನಿಮ್ಮ ಹೊಸಿಲು ದಾಟಲಿಲ್ಲ. ತಿಂದ ದಿನ ಹೊಳೆಯಲ್ಲಿ ಬಾಯಿ ಕೈ ತೊಳೆದು, ಬಟ್ಟೆಯನ್ನೂ ನೀರಿಗೆ ಅದ್ದಿ ಮನೆಗೆ ಹೋಗುತ್ತಿದ್ದ. ಇಂದ್ರಮ್ಮ ಹೋದ ಮೇಲಾದರೂ ತರಬಹುದಿತ್ತು. ಒಂದು ಸಲ ಕೇಳಿದೆ. "ಅವಳ ಒಲೆ ಕಣೋ ಅದು" ಎಂದ. ಮತ್ತೆ ಕೇಳಲಿಲ್ಲ.

ಹೊಳೆ ಕೆಟ್ಟ ಮೇಲೆ ನಾವು ಮಂಚನಬೆಲೆ ಕಡೆ ಹೋಗುತ್ತಿದ್ದೆವು. ನಾನು ಬಿಟ್ಟ ಮೇಲೆ ಒಬ್ಬನೇ ಹೋಗುತ್ತಿದ್ದ ಎಂದು ನಿನ್ನ ಕಾಗದ ನೋಡಿ ತಿಳಿಯಿತು. ಉಪ್ಪಿನ ಪೊಟ್ಟಣ, ಮೆಣಸಿನಕಾಯಿ ಎಂದು ಬರೆದಿದ್ದೀಯಲ್ಲ. ಟವೆಲ್ ಒದ್ದೆ ಇತ್ತು ಎಂದರೆ ಆಗಲೇ ತೊಳೆದುಕೊಂಡಿದ್ದ ಎಂದು ಅರ್ಥ. ಕುಡಿದೇ ಹೋಗಿದ್ದಾನೆ. ನನಗೆ ಅಷ್ಟು ಸಮಾಧಾನ.

ಆಶೀರ್ವಾದಗಳು
ಸುಬ್ರಮಣಿ


ಕೆಂಗೇರಿ
೯ ಸೆಪ್ಟೆಂಬರ್ ೨೦೨೪

ಮಾಮ,

ನಿಮ್ಮ ಕಾಗದವನ್ನು ಡಿಪೋದಲ್ಲಿ ಓದಿದೆ. ಅವತ್ತು ಕಲೆಕ್ಷನ್ ಎಣಿಸುವಾಗ ಮೂರು ಸಲ ತಪ್ಪಿತು. ಏನಮ್ಮ ಎಂದು ಕೇಳಿದ ಕ್ಲರ್ಕಿಗೆ ಕಣ್ಣಿಗೆ ಧೂಳು ಬಿತ್ತು ಎಂದೆ.

ಮನೆಗೆ ಒದ್ದೆ ಬಟ್ಟೆಯಲ್ಲಿ ಬರುತ್ತಿದ್ದ ಅಪ್ಪನಿಗೆ ನಾನು ಎಷ್ಟು ಬೈದಿದ್ದೇನೆ. ವಯಸ್ಸಾದರೂ ಬುದ್ಧಿ ಬರಲಿಲ್ಲ, ನೀರಿಗೆ ಬಿದ್ದು ಬರುತ್ತೀರಿ ಎಂದು. ತಲೆ ಒರೆಸಿಕೊಳ್ಳುತ್ತಾ ನಗುತ್ತಿದ್ದರು.

ಈಗ ಬೇರೆ ಕಷ್ಟ ಬಂದಿದೆ. ಎಡೆ ಇಡುವುದು ಅಪ್ಪ ಅಮ್ಮ ಇಬ್ಬರಿಗೂ ಸೇರಿಸಿ, ಒಂದೇ ಕೋಣೆಯಲ್ಲಿ, ಅಕ್ಕಪಕ್ಕದ ಎಲೆ. ಅಮ್ಮನ ಎಲೆಯ ಪಕ್ಕ ಏಡಿ ಹೇಗಿಡುವುದು? ಸತ್ತವರಿಗೆ ದದ್ದು ಏಳುತ್ತದೆಯೇ ಎಂದು ನನ್ನ ಗಂಡ ನಕ್ಕ. ಅತ್ತೆ ನಗಲಿಲ್ಲ. "ಅವಳು ಬರೋ ಬಾಗಿಲಿಗೆ ವಿಷ ಇಟ್ಟಂಗೆ" ಎಂದರು. ಏಡಿ ಇಟ್ಟರೆ ಅಮ್ಮ ಬರುವುದಿಲ್ಲ, ಇಡದಿದ್ದರೆ ಅಪ್ಪ ಬರುವುದಿಲ್ಲ. ಅಪ್ಪನನ್ನು ಒಳಗೆ ಕರೆಯಬೇಕು ಎಂದು ಇಷ್ಟೆಲ್ಲಾ ಮಾಡಿದೆ. ಏನು ಮಾಡಲಿ ಹೇಳಿ.

ಲತಾ


ಹೆಗ್ಗನಹಳ್ಳಿ
೧೮ ಸೆಪ್ಟೆಂಬರ್ ೨೦೨೪

ಲತಾ ಮಗಳೇ,

ಒಳಗೆ ಇಬ್ಬರಿಗೂ ಎಲೆ ಹಾಕು, ಕೋಳಿ ಸಾರು, ಮುದ್ದೆ, ನಿಮ್ಮತ್ತೆ ಹೇಳಿದಂತೆ ಎಲ್ಲ ಇಡು. ಇಂದ್ರಮ್ಮನ ಪಕ್ಕ ಕೂತು ಅವನು ಎಂದಿನಂತೆ ಚೆನ್ನಾಗೈತೆ ಎನ್ನುತ್ತಾನೆ. ಏಡಿಯನ್ನು ಹೊರಗೆ ಇಡು, ಬಯಲಲ್ಲಿ. ಅವನು ಅದನ್ನು ಒಳಗೆ ತಿಂದವನೇ ಅಲ್ಲ. ಬಲವಂತ ಮಾಡಬೇಡ.

ಅಂಗಡಿಯಿಂದ ಸಮುದ್ರದ ಏಡಿ ತರಬೇಡ, ಅವನಿಗೆ ಅವಮಾನ. ತಾವರೆಕೆರೆ ಕಡೆಯ ಗದ್ದೆಯವನೊಬ್ಬನಿಗೆ ಹೇಳಿಸಿದ್ದೇನೆ. ಅಮಾವಾಸ್ಯೆ ದಿನ ನಾನೇ ತರುತ್ತೇನೆ. ಬಸ್ಸಿನಲ್ಲಿ ಬಿಡುತ್ತಾರೋ ಇಲ್ಲವೋ, ಕಂಡಕ್ಟರ್ ನೀನು, ನೋಡಿಕೋ.

ಸುಬ್ರಮಣಿ


ಕೆಂಗೇರಿ
೬ ಅಕ್ಟೋಬರ್ ೨೦೨೪

ಮಾಮ,

ಅಮಾವಾಸ್ಯೆ ದಿನ ಮೈದಾನದಿಂದ ಮನೆಗೆ ಬಂದು, ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನೀವು ಬಸ್‌ಸ್ಟಾಪಿಗೆ ಹೊರಟೇಬಿಟ್ಟಿದ್ದಿರಿ. ಊಟ ಮಾಡದೆ ಕಳಿಸಿದೆವು ಎಂದು ಅತ್ತೆ ಇನ್ನೂ ಗೊಣಗುತ್ತಿದ್ದಾರೆ.

ಅವತ್ತು ಮಾತಾಡಲು ಆಗಲಿಲ್ಲ. ಗೋಣಿಚೀಲ ಹಿಡಿದು, ಕತ್ತಿಗೆ ಟವೆಲ್ ಸುತ್ತಿಕೊಂಡು ನೀವು ಗೇಟಿನ ಹತ್ತಿರ ನಿಂತಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದೀರಿ. ಆಮೇಲೆ ನಿಮ್ಮ ಹಳೇ ಮೈದಾನಕ್ಕೆ ಕರೆದುಕೊಂಡು ಹೋಗಿ, ಅದರ ಅಂಚಿನಲ್ಲಿ ಮ್ಯಾಟ್ ಮುಗಿದು ಮಣ್ಣು ಶುರುವಾಗುವ ಕಡೆ ಕಾಲಿನಿಂದ ಗೆರೆ ಎಳೆದು, ಇಲ್ಲಿ ಎಂದು ತೋರಿಸಿದಿರಿ. ಜಗಳ ಅಲ್ಲೂ ಬಿಡಲಿಲ್ಲ ಎಂದುಕೊಂಡೆ. ನೀವೇ ಜಜ್ಜಿದಿರಿ, ಹಿಂಡಿದಿರಿ, ಕುದಿಸಿದಿರಿ. ಕುದಿ ಬಂದಾಗ ನನ್ನ ಮುಖ ನೋಡಿದಿರಿ. ಯಾಕೆಂದು ಆಗ ಹೊಳೆಯಲಿಲ್ಲ, ಆಮೇಲೆ ತಿಳಿದು ಜೋರಾಗಿ ತಲೆಯಾಡಿಸಿದೆ. ಘಮ ಬಂದಿತ್ತು ಮಾಮ. ಅಪ್ಪನ ಚೀಲದ ವಾಸನೆ ಅದು. ಹೊಗೆಯ ಕೆಳಗೆ ಅದೇ ಇತ್ತು, ಇಷ್ಟು ವರ್ಷ ನನಗೆ ಗೊತ್ತಾಗಿರಲಿಲ್ಲ.

ಎಲೆಯ ಬಲಕ್ಕೆ ನೀವು ಎಡಗೈ ನೆಲಕ್ಕೆ ಊರಿ ಕೂತಿರಿ. ನಾನು ದೂರ ನಿಂತೆ. ಕಾಗೆ ಬರಲಿಲ್ಲ. ಹದ್ದೊಂದು ಇಳಿದು ರಸದ ಜೊತೆ ಎಲೆಯ ಮೇಲೆ ಇಟ್ಟಿದ್ದ ಏಡಿಯ ಕಾಲನ್ನು ಎತ್ತಿಕೊಂಡು ಹೋಯಿತು. ಕಾಗೆಯೇ ಆಗಬೇಕಿತ್ತು ಎಂದರು ಅತ್ತೆ. ಅಪ್ಪ ಕಾಗೆಯಾಗಿ ಬರುವವರಲ್ಲ ಎಂದೆ. ಅತ್ತೆಗೆ ಕೋಪ ಬಂತು.

ಮುಂದಿನ ವರ್ಷವೂ ನೀವೇ ಬಂದು ಕುದಿಸಬೇಕು. ನನಗೆ ಜಜ್ಜಲು ಬರುವುದಿಲ್ಲ.

ಲತಾ


ಹೆಗ್ಗನಹಳ್ಳಿ
೧೧ ನವೆಂಬರ್ ೨೦೨೪

ಮಗಳೇ,

ಉತ್ತರ ತಡವಾಯಿತು. ಮತ್ತೆ ಗಂಟಲಿನ ಹತ್ತಿರ ಗಂಟು ಕಂಡಿದೆ, ಆಸ್ಪತ್ರೆಗೆ ಓಡಾಟ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ಬೈಯಬೇಡ.

ಘಮ ನನಗೆ ತಿಳಿಯಲಿಲ್ಲ. ನಿನ್ನ ಮುಖ ನೋಡಿ ತಿಳಿದುಕೊಂಡೆ.

ಮುಂದಿನ ವರ್ಷದ ಮಾತು ಬೇಡ. ಜಜ್ಜುವುದನ್ನು ಕಲಿತುಕೋ, ಕೈ ಹಗುರ ಇರಬೇಕು, ಚಿಪ್ಪು ರಸಕ್ಕೆ ಬೀಳಬಾರದು. ಅವನಿಗೆ ಚಿಪ್ಪು ಸಿಕ್ಕರೆ ಆಗುತ್ತಿರಲಿಲ್ಲ.

ಮ್ಯಾಟಿನ ವಿಷಯದಲ್ಲಿ ಈಗಲೂ ನನ್ನದೇ ಸರಿ.

ಸುಬ್ರಮಣಿ


ಹೆಗ್ಗನಹಳ್ಳಿ
೩ ಸೆಪ್ಟೆಂಬರ್ ೨೦೨೫

ಲತಕ್ಕನವರಿಗೆ,

ನಾನು ಜ್ಯೋತಿಲಕ್ಷ್ಮಿ, ಸುಬ್ರಮಣಿಯವರ ಸೊಸೆ. ಶಿವರಾತ್ರಿ ಆದ ವಾರ ಮಾವ ಹೋದಾಗ ನೀವು ಬಂದಿದ್ದಿರಿ. ಆ ಗಲಾಟೆಯಲ್ಲಿ ಸರಿಯಾಗಿ ಮಾತಾಡಿಸಲು ಆಗಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಫೋನ್ ಮಾಡಬಹುದಿತ್ತು. ಮಾವ ನಿಮಗೆ ಬರೆಯುತ್ತಿದ್ದುದನ್ನು ನೋಡುತ್ತಿದ್ದೆ, ಅದಕ್ಕೆ ಬರೆಯೋಣ ಅನ್ನಿಸಿತು.

ಈ ತಿಂಗಳು ಮಾವನಿಗೆ ಮೊದಲ ಎಡೆ. ನಾನು ಈ ಮನೆಗೆ ಬಂದ ಮೇಲೆ ಅವರು ಏನನ್ನೂ ಬೇಕು ಎಂದು ಕೇಳಿದ್ದು ನೋಡಿಲ್ಲ. ಆಪರೇಷನ್ ಆದ ಮೇಲಂತೂ ಗಂಜಿಯೇ. ಎಡೆಗೆ ಗಂಜಿ ಇಡಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ ಎಂದು ಮನೆಯವರನ್ನು ಕೇಳಿದರೆ ಬಿರಿಯಾನಿ ಎನ್ನುತ್ತಾರೆ. ಬಿರಿಯಾನಿ ಅವರಿಗೇ ಇಷ್ಟ.

ಮಾವ ನಿಮ್ಮ ಕಾಗದಗಳನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ನಿಮಗೆ ಅಷ್ಟೆಲ್ಲಾ ಊಟದ ವಿಷಯ ಬರೆದಿದ್ದಾರೆ. ಅವರಿಗೆ ಏನು ಇಷ್ಟ ಇತ್ತು ಎಂದು ಎಲ್ಲಾದರೂ ಹೇಳಿದ್ದರೆ ತಿಳಿಸಿ ಅಕ್ಕ.

ಇಂತಿ
ಜ್ಯೋತಿಲಕ್ಷ್ಮಿ


ಕೆಂಗೇರಿ
೧೦ ಸೆಪ್ಟೆಂಬರ್ ೨೦೨೫

ಜ್ಯೋತಿ,

ನಿನ್ನ ಕಾಗದ ಬಂದ ದಿನವೇ ಮಾಮನ ಕಾಗದಗಳನ್ನೆಲ್ಲ ಹರವಿಕೊಂಡು ಕೂತೆ. ಒಂದೊಂದು ಸಾಲೂ ಓದಿದೆ. ಅಪ್ಪ ಹೇಗೆ ಏಡಿ ಹಿಡಿಯುತ್ತಿದ್ದರು, ಏನೇನು ಹಾಕುತ್ತಿದ್ದರು, ಹೇಗೆ ಆಚೆ ತಿರುಗಿ ಕೂರುತ್ತಿದ್ದರು, ಎಲ್ಲ ಇದೆ. ಮಾಮನ ಇಷ್ಟದ ಬಗ್ಗೆ ಒಂದು ಮಾತೂ ಇಲ್ಲ. ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೋದ ವರ್ಷ ಎಡೆಯ ದಿನ ಅವರು ನಮ್ಮ ಮನೆಯಲ್ಲಿ ಒಂದು ತುತ್ತೂ ತಿನ್ನದೆ ಹೋದರು. ಏನು ಬಡಿಸಬೇಕಿತ್ತು ಎಂದು ನನಗೆ ಆಗಲೂ ಗೊತ್ತಿರಲಿಲ್ಲ.

ಮಹದೇವ್ ಮಾಮನನ್ನು ಕೇಳಬೇಡ, ಬೋಟಿ ಗೊಜ್ಜು ಎನ್ನುತ್ತಾರೆ.

ಮಾಲಯ ಅಮಾವಾಸ್ಯೆ ಈ ಸಲ ಭಾನುವಾರ ಬಂದಿದೆ, ರಜೆ ಹಾಕಿದ್ದೇನೆ. ಮನೆಯಲ್ಲಿ ನಿಮ್ಮ ಕ್ರಮದಂತೆ ಎಡೆ ಇಟ್ಟು, ಹಿರಿಯರು ಉಣ್ಣಲೆಂದು ಮುಚ್ಚಿದ ಬಾಗಿಲು ತೆಗೆದ ಮೇಲೆ ಕೆಂಗೇರಿಗೆ ಬಾ. ಮೈದಾನದ ಅಂಚಿನಲ್ಲಿ, ಮಣ್ಣಿನ ಮೇಲೆ ಎರಡು ಎಲೆ ಹಾಕೋಣ. ಅಪ್ಪನ ಎಲೆಯ ಬಲಕ್ಕೆ ಮಾಮನ ಎಲೆ. ಏಡಿ ನಾನು ಜಜ್ಜುತ್ತೇನೆ, ಈಗ ಸ್ವಲ್ಪ ಬರುತ್ತದೆ. ಮಾಮನ ಎಲೆಗೆ ಏನು ಬಡಿಸುವುದೆಂದು ನನಗೆ ಗೊತ್ತಿಲ್ಲ ಜ್ಯೋತಿ. ಅದು ಗೊತ್ತಿದ್ದವರು ನಮ್ಮಪ್ಪ ಒಬ್ಬರೇ.

ನಿನ್ನ
ಲತಾ